ಹಿಮದಡಿ ಸಿಕ್ಕವರನ್ನು ಹತ್ತು ನಿಮಿಷದಲ್ಲಿ ಹೊರತೆಗೆಯಲು ಕಲಿಯುವುದು ಹೇಗೆ?

ಸಿಯಾಟಲ್‌ನಿಂದ ಒಂದು ಗಂಟೆ ದೂರದ ಸ್ನೋಕ್ವಾಲ್ಮಿ ಪಾಸ್‌ನಲ್ಲಿ ನನ್ನ ಮೊದಲ ರಕ್ಷಣಾ ತರಗತಿ. ಹಿಮದಲ್ಲಿ ಹೂತಿಟ್ಟ ಚೀಲವನ್ನು ಮೂರೂವರೆ ನಿಮಿಷದಲ್ಲಿ ಪತ್ತೆ ಮಾಡಿದೆ. ಎದೆ ಉಬ್ಬಿತು. ಆಮೇಲೆ ಅದನ್ನು ಅಗೆದು ತೆಗೆಯಲು ಹತ್ತೊಂಬತ್ತು ನಿಮಿಷ ಬೇಕಾಯಿತು. ಚೀಲ ಇದ್ದದ್ದು ಒಂದು ಮೀಟರ್‌ಗಿಂತ ಚೂರು ಕೆಳಗೆ, ಅಷ್ಟೇ. ಕಲಿಸುತ್ತಿದ್ದಾಕೆ ಏನೂ ಬೈಯಲಿಲ್ಲ, ಸುಮ್ನೆ ಗಡಿಯಾರ ತೋರಿಸಿದರು.

ಸಾಗರದ ಕಡೆ ಅಡಿಕೆ ತೋಟದಲ್ಲಿ ಬೆಳೆದವನು ನಾನು. ಗುದ್ದಲಿ, ಹಾರೆ ಹಿಡಿದ ಕೈ. ಅಗೆಯುವುದನ್ನೂ ಯಾರಾದರೂ ಹೇಳಿಕೊಡಬೇಕಾ ಎಂದುಕೊಂಡೇ ಹೋಗಿದ್ದೆ. ಹೇಳಿಕೊಡಬೇಕು ಅಂತ ಆ ದಿನ ಗೊತ್ತಾಯಿತು. ಈ ಬರಹದಲ್ಲಿ ಬೀಕನ್, ಅಂದರೆ ಹೂತವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೋ ಯಂತ್ರ, ಅದರ ಬಗ್ಗೆ ಬರೆದದ್ದಕ್ಕಿಂತ ಸಲಿಕೆ ಬಗ್ಗೆ ಜಾಸ್ತಿ ಕೊರೆದಿದ್ದರೆ ಕಾರಣ ಅದೇ.

ಗಡಿಯಾರದ ಲೆಕ್ಕ ಇಷ್ಟು. ಸ್ವಿಟ್ಜರ್ಲೆಂಡಿನಲ್ಲಿ ದಶಕಗಳಿಂದ ಕೂಡಿಸಿಟ್ಟ ಅಪಘಾತದ ದಾಖಲೆಗಳ ಪ್ರಕಾರ, ಪೂರ್ತಿ ಹೂತುಹೋದವರನ್ನು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆ ಆದರೆ ಹತ್ತರಲ್ಲಿ ಸುಮಾರು ಮೂರು. ಹೆಚ್ಚಿನವರು ಸಾಯುವುದು ಚಳಿಯಿಂದ ಅಲ್ಲ, ಉಸಿರುಕಟ್ಟಿ. ಕೆನಡಾದ ಲೆಕ್ಕದಲ್ಲಿ ನಾಲ್ಕರಲ್ಲೊಂದು ಸಾವು ಮರಕ್ಕೋ ಬಂಡೆಗೋ ಬಡಿದ ಪೆಟ್ಟಿನಿಂದ. ಹೆಲಿಕಾಪ್ಟರ್ ಎಷ್ಟೇ ಬೇಗ ಬಂದರೂ ಹತ್ತು ನಿಮಿಷದಲ್ಲಿ ಬರುವುದಿಲ್ಲ. ಹಾಗಾಗಿ ಕಾಪಾಡಬೇಕಾದವರು ಅಲ್ಲೇ ಪಕ್ಕದಲ್ಲಿ ನಿಂತಿರುವ ಗೆಳೆಯರು.

ಒಂದು ಪದದ ವಿಷಯ

ನಮ್ಮ ಪತ್ರಿಕೆಗಳು ಹಿಮ ಉದುರಿದರೂ 'ಹಿಮಪಾತ' ಅನ್ನುತ್ತವೆ, ಬೆಟ್ಟದಿಂದ ಹಿಮದ ಹಾಸು ಜಾರಿ ಬಂದರೂ 'ಹಿಮಪಾತ' ಅನ್ನುತ್ತವೆ. ಇಲ್ಲಿ ನಾನು ಎರಡನೆಯದಕ್ಕೆ ಹಿಮಕುಸಿತ ಎಂದೇ ಬರೆಯುತ್ತೇನೆ. ಭೂಕುಸಿತ ನೋಡಿದ ಮಲೆನಾಡಿನವರಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಹಿಮಕುಸಿತ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಹತ್ತು ಯೋಧರು ಹೂತುಹೋದರು. ಆರನೇ ದಿನ ಆಳದ ಮಂಜುಗಡ್ಡೆಯ ಅಡಿಯಲ್ಲಿ ಹನುಮಂತಪ್ಪ ಒಬ್ಬರೇ ಇನ್ನೂ ಉಸಿರಾಡುತ್ತಿದ್ದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಮ್ಮನೆಯಲ್ಲಿ ಟಿವಿ ಆರಿಸಿದ್ದೇ ಇಲ್ಲ.

ಆ ಘಟನೆಯಿಂದ ತಪ್ಪು ಲೆಕ್ಕ ಹಾಕಬೇಡಿ. ಅಷ್ಟು ದಿನ ಬದುಕಿರಬೇಕಾದರೆ ಮುಖದ ಸುತ್ತ ಗಾಳಿ ಆಡುವ ಜಾಗ ಇರಲೇಬೇಕು. ಬಯಲಲ್ಲಿ ಸ್ಕೀ ಮಾಡುತ್ತಾ ಸಿಕ್ಕಿಬಿದ್ದವರಿಗೆ ಅಂಥ ಜಾಗ ಸಿಗುವುದು ಅಪರೂಪ. ಬಿಟ್ಟ ಉಸಿರೇ ಮುಖದ ಮುಂದಿನ ಹಿಮವನ್ನು ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ಗಾಜಿನಂಥ ಪದರ ಕಟ್ಟುತ್ತದೆ. ಆಮೇಲೆ ಗಾಳಿ ಒಳಗೆ ಬರುವುದಿಲ್ಲ.

ಸಿಕ್ಕಿಕೊಳ್ಳದಿರುವುದು

ಇದನ್ನು ಬೇಗ ಮುಗಿಸುತ್ತೇನೆ. ಇದು ಚಿಕ್ಕ ವಿಷಯ ಅಂತಲ್ಲ, ಇದಕ್ಕೇ ಬೇರೆ ಕೋರ್ಸ್ ಇದೆ. ಹಾಸುಹಾಸಾಗಿ ಕಳಚುವ ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಇರುವುದೂ ಅದೇ ಇಳಿಜಾರಿನಲ್ಲಿ, ಅದೇ ತೊಂದರೆ. ಜನ ಸಿಕ್ಕಿಬೀಳುವ ಹತ್ತು ಕುಸಿತಗಳಲ್ಲಿ ಒಂಬತ್ತನ್ನು ಆ ಗುಂಪಿನವರೇ ಎಬ್ಬಿಸಿರುತ್ತಾರೆ. ಹೊಸ ಹಿಮ ಬಿದ್ದ ಮರುದಿನ, ಗಾಳಿ ಹಿಮವನ್ನು ತಂದು ಒಂದೇ ಬದಿಗೆ ಗುಡ್ಡೆ ಹಾಕಿದಾಗ, ದಿಢೀರ್ ಬಿಸಿಲೇರಿದಾಗ ಅಪಾಯ ಜಾಸ್ತಿ. ಕಾಲಡಿ 'ಧುಪ್' ಎಂದು ಹಿಮ ಕುಸಿದು ಕೂತ ಸದ್ದು ಕೇಳಿದರೆ ವಾಪಸ್ ಹೊರಡಿ, ಚರ್ಚೆ ಬೇಡ.

ಅಪಾಯದ ಮಟ್ಟವನ್ನು 1ರಿಂದ 5ರವರೆಗೆ ಹೇಳುತ್ತಾರೆ. 4, 5 ಇದ್ದ ದಿನ ಜನ ಹೆದರಿ ಮನೆಯಲ್ಲಿರುತ್ತಾರೆ. 3 ಇದ್ದ ದಿನ 'ಪರವಾಗಿಲ್ಲ, ನಡುವಿನದು' ಎಂದು ಹೊರಡುತ್ತಾರೆ. ಸಾವುಗಳಲ್ಲಿ ದೊಡ್ಡ ಪಾಲು ಆ 3ರ ದಿನಗಳದ್ದು. ಇಳಿಜಾರು ದಾಟುವಾಗ ಒಬ್ಬೊಬ್ಬರೇ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಿ. ಎಲ್ಲರೂ ಒಟ್ಟಿಗೆ ಹೂತುಹೋದರೆ ಅಗೆಯುವವರು ಯಾರು?

ಮೂರು ಸಾಮಾನು

ಬೀಕನ್, ಪ್ರೋಬ್, ಸಲಿಕೆ. ಈ ಮೂರೂ ಪ್ರತಿಯೊಬ್ಬರ ಹತ್ತಿರವೂ ಇರಬೇಕು. 'ನಮ್ಮ ಗುಂಪಿನಲ್ಲಿ ಎರಡು ಸಲಿಕೆ ಇದೆ' ಎಂದರೆ ಆಗಲಿಲ್ಲ. ಆ ಎರಡು ಸಲಿಕೆ ಹೊತ್ತವರೇ ಅಡಿಯಲ್ಲಿ ಸಿಕ್ಕಿರಬಹುದು.

ಬೀಕನ್‌ಗೆ ಟ್ರಾನ್ಸೀವರ್ ಎಂದೂ ಹೇಳುತ್ತಾರೆ. ಎಲ್ಲ ಕಂಪನಿಯದ್ದೂ 457 ಕಿಲೋಹರ್ಟ್ಸ್ ತರಂಗದಲ್ಲೇ ಕೆಲಸ ಮಾಡುತ್ತವೆ, ಹಾಗಾಗಿ ನಿಮ್ಮದು ಒಂದು ಬ್ರ್ಯಾಂಡ್, ಗೆಳೆಯನದು ಇನ್ನೊಂದಾದರೂ ತೊಂದರೆಯಿಲ್ಲ. ನಡೆಯುವಾಗ ಎಲ್ಲರದೂ 'ಸೆಂಡ್'ನಲ್ಲಿರುತ್ತದೆ. ಯಾರಾದರೂ ಹೂತುಹೋದಾಗ ಉಳಿದವರು 'ಸರ್ಚ್'ಗೆ ಹಾಕುತ್ತಾರೆ. ಕೊಳ್ಳುವಾಗ ಮೂರು ಆಂಟೆನಾ ಇರುವ ಡಿಜಿಟಲ್ ಬೀಕನ್ ಕೊಳ್ಳಿ. ಯಾರೋ ಅರ್ಧ ಬೆಲೆಗೆ ಕೊಡುತ್ತಾರೆ ಅಂತ ಹದಿನೈದು ವರ್ಷ ಹಳೆಯದನ್ನು ತರಬೇಡಿ. ಬೀಳುವ ಪೆಟ್ಟಿಗೆ ಒಳಗಿನ ಆಂಟೆನಾ ಒಡೆದಿದ್ದರೂ ಹೊರಗೆ ಕಾಣುವುದಿಲ್ಲ. ಬ್ಯಾಟರಿ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ, ಸಾಮಾನ್ಯವಾಗಿ ಅದು ಆಲ್ಕಲೈನ್. ರೀಚಾರ್ಜ್ ಬ್ಯಾಟರಿ ಹಾಕಿದರೆ ಪರದೆಯ ಮೇಲೆ ತೋರಿಸುವ ಶೇಕಡಾ ಲೆಕ್ಕ ಸುಳ್ಳು ಹೇಳುತ್ತದೆ.

ಪ್ರೋಬ್ ಎಂದರೆ ಮಡಚುವ ಉದ್ದ ಕೋಲು. ಡೇರೆಯ ಕಡ್ಡಿಯ ಹಾಗೆ ತುಂಡುತುಂಡಾಗಿ, ಒಳಗೆ ತಂತಿ. ಕಡಿಮೆ ಎಂದರೆ 240 ಸೆಂಟಿಮೀಟರ್ ಇರಲಿ, 300 ಆದರೆ ಒಳ್ಳೆಯದು. ಸಲಿಕೆಯ ಅಲಗು ಲೋಹದ್ದೇ ಆಗಿರಬೇಕು. ಪ್ಲಾಸ್ಟಿಕ್ ಸಲಿಕೆ ಮೆದು ಹಿಮಕ್ಕೆ ಚೆನ್ನ. ಕುಸಿದು ನಿಂತ ಹಿಮ ಮೆದುವಲ್ಲ. ಬೆಣ್ಣೆಯ ಹಾಗೆ ಹರಿದು ಬಂದದ್ದು ನಿಂತ ಕೂಡಲೇ ಕಾಂಕ್ರೀಟ್ ಆಗುತ್ತದೆ.

ಇವು ಮೂರನ್ನು ಬಿಟ್ಟು ಗಾಳಿಚೀಲದ ಬ್ಯಾಗ್ ಸಿಗುತ್ತದೆ. ಎಳೆದರೆ ಉಬ್ಬಿ ಮೇಲೇ ತೇಲಿಸಲು ನೋಡುತ್ತದೆ. ದುಡ್ಡಿದ್ದರೆ ಕೊಳ್ಳಿ. ಜಾಕೆಟ್ಟಿಗೇ ಹೊಲಿದು ಬರುವ, ರೇಡಿಯೋ ತರಂಗವನ್ನು ವಾಪಸ್ ಹೊಮ್ಮಿಸುವ ರೆಕೊ ಪಟ್ಟಿಯನ್ನು ಮಾತ್ರ ಬೀಕನ್‌ಗೆ ಬದಲಿ ಎಂದುಕೊಳ್ಳಬೇಡಿ. ಅದನ್ನು ಹುಡುಕುವ ಯಂತ್ರ ಇರುವುದು ರಕ್ಷಣಾ ತಂಡದವರ ಹತ್ತಿರ, ನಿಮ್ಮ ಗೆಳೆಯರ ಹತ್ತಿರ ಅಲ್ಲ.

ಹೊರಡುವಾಗಿನ ತಪಾಸಣೆ

ಕಾರು ನಿಲ್ಲಿಸಿದಲ್ಲೇ ಬೀಕನ್ ಆನ್ ಮಾಡಿ ಮೈಗೆ ಕಟ್ಟಿಕೊಳ್ಳಿ. ಹೊರಗಿನ ಜಾಕೆಟ್ ಒಳಗೆ, ಅದರದೇ ಪಟ್ಟಿಯಲ್ಲಿ. ಬ್ಯಾಗಿನಲ್ಲಿ ಹಾಕಬೇಡಿ, ಬ್ಯಾಗ್ ಕಿತ್ತು ಹೋಗಬಹುದು. ಒಬ್ಬರು ಮುಂದೆ ಹೋಗಿ ನಿಂತು ಸರ್ಚ್‌ಗೆ ಹಾಕಲಿ, ಉಳಿದವರು ಅಂತರ ಬಿಟ್ಟು ಒಬ್ಬೊಬ್ಬರಾಗಿ ಅವರ ಮುಂದೆ ಹಾಯಲಿ. ಎಲ್ಲರದೂ ಕೇಳಿಸಿತಾ? ಆಮೇಲೆ ಆ ಒಬ್ಬರು ತಮ್ಮದನ್ನು ಮತ್ತೆ ಸೆಂಡ್‌ಗೆ ಹಾಕಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಬೇಕು. ಈ ಕೊನೆಯದನ್ನು ನಾನೇ ಒಮ್ಮೆ ಮರೆತಿದ್ದೇನೆ. ಎರಡು ಗಂಟೆ ಸರ್ಚ್‌ನಲ್ಲೇ ಅಡ್ಡಾಡಿದ್ದೆ. ಹೂತುಹೋಗಿದ್ದರೆ ಯಾರಿಗೂ ನನ್ನ ಸದ್ದು ಕೇಳುತ್ತಿರಲಿಲ್ಲ.

ಮೊಬೈಲ್, ಸ್ಮಾರ್ಟ್ ವಾಚ್, ಕ್ಯಾಮೆರಾ, ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು, ಇವೆಲ್ಲ ಬೀಕನ್‌ಗೆ ತರಲೆ ಕೊಡುತ್ತವೆ. ಸೆಂಡ್‌ನಲ್ಲಿದ್ದಾಗ 20 ಸೆಂಟಿಮೀಟರ್, ಸರ್ಚ್‌ನಲ್ಲಿದ್ದಾಗ 50 ಸೆಂಟಿಮೀಟರ್ ದೂರ ಇರಲಿ. ಆಯಸ್ಕಾಂತದ ಗುಂಡಿಯ ಜೇಬೂ ಹತ್ತಿರ ಬೇಡ.

ಕುಸಿದ ಮೊದಲ ನಿಮಿಷ

ಸಿಕ್ಕಿದ್ದು ನೀವೇ ಆದರೆ ಕೂಗಿ. ಗಾಳಿಚೀಲ ಇದ್ದರೆ ಎಳೆಯಿರಿ. ಅಡ್ಡಡ್ಡ ಜಾರಿ ಬದಿಗೆ ಹೊರಬರಲು ನೋಡಿ, ಸ್ಕೀ ಕೋಲು ಬಿಟ್ಟುಬಿಡಿ, ಮೇಲೇ ಉಳಿಯಲು ಕೈಕಾಲು ಬಡಿಯಿರಿ. ಹರಿವು ನಿಧಾನವಾಗುತ್ತಿದೆ ಅನಿಸಿದ ಕೂಡಲೇ ಒಂದು ಕೈ ಮುಖದ ಮುಂದೆ ತನ್ನಿ. ಆ ಅಂಗೈಯಷ್ಟು ಜಾಗವೇ ನಿಮ್ಮ ಗಾಳಿ. ನಿಂತ ಮೇಲೆ ಬೆರಳೂ ಅಲ್ಲಾಡುವುದಿಲ್ಲ.

ನೋಡುತ್ತಿರುವವರಾದರೆ ಕಣ್ಣು ಅವರ ಮೇಲಿಂದ ತೆಗೆಯಬೇಡಿ. ಕೊನೆಯ ಸಲ ಎಲ್ಲಿ ಕಂಡರು? ಯಾವ ಮರದ ನೇರಕ್ಕೆ? ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಹುಡುಕುವುದು ಅಲ್ಲಿಂದ ಕೆಳಗೆ.

ಆಮೇಲೆ ಓಡಬೇಡಿ. ಎಲ್ಲರಿಗೂ ಓಡಬೇಕು ಅನಿಸುತ್ತದೆ. ಹತ್ತು ಸೆಕೆಂಡ್ ನಿಂತು ಇಷ್ಟು ಮಾಡಿ:

1. ಮೇಲೆ ಇನ್ನೂ ಕುಸಿಯುವ ಹಿಮ ಇದೆಯಾ ನೋಡಿ. ಇಳಿಯಲು ಸುರಕ್ಷಿತ ದಾರಿ ಯಾವುದು?
2. ಒಬ್ಬರು ನಾಯಕರಾಗಲಿ. 'ನಾನು ಹೇಳ್ತೀನಿ' ಎಂದು ಜೋರಾಗಿ ಹೇಳಲಿ. ವಯಸ್ಸು, ಕಂಪನಿಯಲ್ಲಿ ಯಾರು ಮ್ಯಾನೇಜರ್, ಅದೆಲ್ಲ ಇಲ್ಲಿ ಬೇಡ.
3. ತಲೆ ಎಣಿಸಿ. ಎಷ್ಟು ಜನ ಕಾಣೆ?
4. ಎಲ್ಲರ ಬೀಕನ್ ಸರ್ಚ್‌ಗೆ ಹೋಗಬೇಕು, ಹುಡುಕದೆ ನಿಂತವರದ್ದೂ. ಒಬ್ಬರದು ಸೆಂಡ್‌ನಲ್ಲೇ ಉಳಿದರೆ ಉಳಿದವರೆಲ್ಲ ಅವರನ್ನೇ ಹುಡುಕುತ್ತಾರೆ.
5. ಸಿಗ್ನಲ್ ಇದ್ದು, ಕೈ ಖಾಲಿ ಇದ್ದ ಒಬ್ಬರು ಕರೆ ಮಾಡಲಿ. ಅಮೆರಿಕ, ಕೆನಡಾದಲ್ಲಿ 911, ಭಾರತದಲ್ಲಿ 112. ನೀವು ಒಬ್ಬರೇ ಉಳಿದಿದ್ದರೆ ಮೊದಲು ಹುಡುಕಿ.

ನೆನಪಿರಲಿ, ಸುಮಾರು ಬೀಕನ್‌ಗಳು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ತಾವಾಗಿಯೇ ಸರ್ಚ್‌ನಿಂದ ಸೆಂಡ್‌ಗೆ ಮರಳುತ್ತವೆ. ಎರಡನೇ ಕುಸಿತದಲ್ಲಿ ಹುಡುಕುವವರೇ ಹೂತುಹೋದರೆ ಸಿಗಲಿ ಅಂತ ಮಾಡಿದ ಏರ್ಪಾಡು ಅದು. ನಿಮ್ಮದರಲ್ಲಿ ಎಷ್ಟು ಹೊತ್ತಿಗೆ ಎಂದು ಮನೆಯಲ್ಲೇ ಓದಿಕೊಂಡಿರಿ.

ಹುಡುಕುವುದು

ಹುಡುಕಾಟ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಓಟ, ಆಮೇಲೆ ನಡಿಗೆ, ಕೊನೆಗೆ ಅಂಬೆಗಾಲು.

ಮೊದಲಿಗೆ ಸಿಗ್ನಲ್ ಸಿಗುವವರೆಗೆ ಜಾಗ ಜಾಲಾಡಬೇಕು. ತುಂಬಾ ಜನ ಇದ್ದರೆ ಒಬ್ಬರಿಂದೊಬ್ಬರು 40 ಮೀಟರ್ ಬಿಟ್ಟು ಸಾಲಾಗಿ ಇಳಿಯಿರಿ. ಒಬ್ಬರೇ ಆದರೆ ಹಾವು ಹರಿದ ಹಾಗೆ ಆಚೆಯಿಂದೀಚೆ, ಅಂಚಿನಿಂದ 20 ಮೀಟರ್‌ಗಿಂತ ದೂರದಲ್ಲಿ ತಿರುಗಬೇಡಿ. ಹೋಗುತ್ತಾ ಕಣ್ಣಿಗೂ ಕೆಲಸ ಕೊಡಿ. ಪರದೆಯನ್ನೇ ನೋಡುತ್ತಾ ಹೊರಗೆ ಚಾಚಿದ್ದ ಕೈಯನ್ನು ದಾಟಿ ಹೋಗುವುದು ಸುಲಭ. ಕೈಗವಸು, ಟೋಪಿ, ಸ್ಕೀ ಕಂಡರೆ ಒಮ್ಮೆ ಎಳೆದು ನೋಡಿ, ಅದರ ಇನ್ನೊಂದು ತುದಿಯಲ್ಲಿ ಮನುಷ್ಯ ಇರಬಹುದು. ಬಿಡಿಯಾಗಿದ್ದರೆ ಅದನ್ನು ಅಲ್ಲೇ ಹಿಮದ ಮೇಲೆ ಕಾಣುವ ಹಾಗೆ ಬಿಡಿ.

ಸಿಗ್ನಲ್ ಸಿಕ್ಕ ಕೂಡಲೇ 'ಸಿಗ್ನಲ್!' ಎಂದು ಕೂಗಿ. ಪರದೆಯ ಮೇಲೆ ಒಂದು ಬಾಣ, ಒಂದು ಅಂಕಿ ಬರುತ್ತದೆ. ಅಂಕಿ ಸುಮಾರಾಗಿ ಮೀಟರ್ ಲೆಕ್ಕ, ಆದರೆ ನೇರ ದೂರ ಅಲ್ಲ. ತರಂಗ ಬಾಗಿ ಹರಿಯುತ್ತದೆ. ಶಾಲೆಯಲ್ಲಿ ಆಯಸ್ಕಾಂತದ ಮೇಲೆ ಕಾಗದ ಇಟ್ಟು ಕಬ್ಬಿಣದ ಪುಡಿ ಉದುರಿಸಿದ್ದು ನೆನಪಿದೆಯಾ? ಆ ಗೆರೆಗಳ ಮೇಲೇ ನೀವು ನಡೆಯುತ್ತಿದ್ದೀರಿ. ಹಾಗಾಗಿ ಬಾಣ ನಿಮ್ಮನ್ನು ಸುತ್ತಿಸಿ ಕರೆದುಕೊಂಡು ಹೋದರೆ ಗಾಬರಿ ಬೇಡ. ಅಂಕಿ ಇಳಿಯುತ್ತಿದ್ದರೆ ದಾರಿ ಸರಿ, ಏರುತ್ತಿದ್ದರೆ ಹಿಂದೆ ತಿರುಗಿ. ಬೀಕನ್ ಮಟ್ಟಸವಾಗಿ ಹಿಡಿದುಕೊಳ್ಳಿ.

10ಕ್ಕೆ ಬಂದಾಗ ವೇಗ ಇಳಿಸಿ. ಜೊತೆಯವರು ಈಗಲೇ ಪ್ರೋಬ್, ಸಲಿಕೆ ಜೋಡಿಸಲು ಶುರು ಮಾಡಲಿ. 3ಕ್ಕೆ ಬಂದಾಗ ಸ್ಕೀ ಬಿಚ್ಚಿ, ಮಂಡಿಯೂರಿ, ಬೀಕನ್ ಹಿಮಕ್ಕೆ ತಾಗುವಷ್ಟು ಕೆಳಗೆ ತನ್ನಿ. ಇನ್ನು ಬಾಣವನ್ನು ಮರೆತುಬಿಡಿ, ಅಂಕಿ ಮಾತ್ರ ನೋಡಿ. ಬೀಕನ್ ತಿರುಗಿಸದೆ ನೇರ ಮುಂದೆ ಸರಿಸಿ. ಅಂಕಿ ಇಳಿದು ಮತ್ತೆ ಏರಲು ಶುರುವಾಗುತ್ತದೆ. ಅತಿ ಕಡಿಮೆ ಇದ್ದ ಜಾಗಕ್ಕೆ ವಾಪಸ್ ಬನ್ನಿ. ಅಲ್ಲಿಂದ ಎಡಕ್ಕೆ, ಬಲಕ್ಕೆ ಅದೇ ರೀತಿ. ಒಂದು ಶಿಲುಬೆ ಆಕಾರ ಆಗುತ್ತದೆ. ಅತಿ ಕಡಿಮೆ ಅಂಕಿಯ ಜಾಗದಲ್ಲಿ ಕೈಯಿಂದ ಗೆರೆ ಎಳೆಯಿರಿ.

ಹೊಸಬರು ಕಾಲ ಕಳೆಯುವುದೇ ಇಲ್ಲಿ. 1.2 ಬಂತು, 1.1 ಬರುತ್ತದಾ ಎಂದು ಮತ್ತೆ ಮತ್ತೆ ಉಜ್ಜುತ್ತಾ ಕೂರುತ್ತಾರೆ. ಒಂದು ಮೀಟರ್ ಆಳದಲ್ಲಿರುವವರಿಗೆ ಅಂಕಿ ಅಷ್ಟಕ್ಕೇ ನಿಲ್ಲಬೇಕು, ಸೊನ್ನೆ ಬರುವುದಿಲ್ಲ. ಒಂದು ಶಿಲುಬೆ ಸಾಕು. ಉಳಿದದ್ದನ್ನು ಪ್ರೋಬ್ ನೋಡಿಕೊಳ್ಳುತ್ತದೆ.

ಚುಚ್ಚುವುದು

ಪ್ರೋಬನ್ನು ಇಳಿಜಾರಿಗೆ ಲಂಬವಾಗಿ ಚುಚ್ಚಿ, ತೂಗುಗುಂಡಿನ ಹಾಗೆ ನೇರ ಕೆಳಗೆ ಅಲ್ಲ. ಗುರುತಿನ ಜಾಗದಿಂದ ಶುರು ಮಾಡಿ, ಚಕ್ಕುಲಿ ಸುತ್ತಿದ ಹಾಗೆ ಹೊರಗೆ ಸುತ್ತುತ್ತಾ, 25 ಸೆಂಟಿಮೀಟರ್‌ಗೊಂದು ತೂತು. ನೆಲಕ್ಕೆ ತಾಗಿದರೆ ಟಕ್ ಎನ್ನುತ್ತದೆ. ಮನುಷ್ಯನಿಗೆ ತಾಗಿದರೆ ಹಾಸಿಗೆಯನ್ನು ಕೋಲಿನಿಂದ ಒತ್ತಿದ ಹಾಗೆ ಮೆತ್ತಗೆ ತಡೆಯುತ್ತದೆ. ಒಮ್ಮೆ ತಾಗಿತೋ, ಪ್ರೋಬ್ ಅಲ್ಲೇ ಇರಲಿ. ಖುಷಿಗೆ ಹೊರಗೆ ಎಳೆದು ಮತ್ತೆ ಜಾಗ ಕಳೆದುಕೊಂಡವರನ್ನು ನೋಡಿದ್ದೇನೆ. ಅದರ ಮೇಲಿನ ಗೆರೆ ಓದಿ ಆಳ ಕೂಗಿ ಹೇಳಿ: 'ಒಂದೂ ಕಾಲು ಮೀಟರ್!'

ಅಗೆಯುವುದು

ಈಗ ಬಂತು ನನ್ನ ಹತ್ತೊಂಬತ್ತು ನಿಮಿಷ. ನಾನು ಆವತ್ತು ಮಾಡಿದ್ದು ಬಾವಿ ತೋಡುವವರು ಮಾಡುವ ಕೆಲಸ. ಪ್ರೋಬ್ ಪಕ್ಕ ನಿಂತು ನೇರ ಕೆಳಗೆ ಗುಂಡಿ ತೋಡಿದೆ. ಇದರಲ್ಲಿ ಮೂರು ತಪ್ಪು. ಒಂದು, ಹೂತವರ ತಲೆಯ ಮೇಲೇ ನಿಂತು ಅವರ ಗಾಳಿಯ ಜಾಗ ತುಳಿದೆ. ಎರಡು, ಆಳ ಆದಂತೆಲ್ಲ ಹಿಮವನ್ನು ಎತ್ತಿ ಎತ್ತಿ ಮೇಲೆ ಎಸೆಯಬೇಕಾಯಿತು, ಐದು ನಿಮಿಷದಲ್ಲಿ ತೋಳು ಸೋತಿತು. ಮೂರು, ಕೊನೆಗೆ ಚೀಲ ಕಂಡಾಗ ಅದನ್ನು ಎಳೆಯಲು ಜಾಗವೇ ಇರಲಿಲ್ಲ, ಮತ್ತೆ ಅಗಲ ಮಾಡಬೇಕಾಯಿತು. ಒಂದು ಮೀಟರ್ ಆಳದವರನ್ನು ತೆಗೆಯಲು ಸರಿಸಬೇಕಾದ ಹಿಮ ಒಂದು ಟನ್ನಿಗಿಂತ ಜಾಸ್ತಿ. ಒಂದು ಟನ್ ಎತ್ತುವುದಕ್ಕೂ ಒಂದು ಟನ್ ಹಿಂದಕ್ಕೆ ನೂಕುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನಮ್ಮಪ್ಪನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಸರಿಯಾದ ಕ್ರಮ ಹೀಗೆ. ಪ್ರೋಬ್‌ನಿಂದ ಇಳಿಜಾರಿನ ಕೆಳಬದಿಗೆ ಬನ್ನಿ. ಆಳದ ಒಂದೂವರೆ ಪಟ್ಟು ದೂರ. ಒಂದು ಮೀಟರ್ ಆಳ ಇದ್ದರೆ ಒಂದೂವರೆ ಮೀಟರ್ ಕೆಳಗೆ. ಅಲ್ಲಿಂದ ಹೂತವರ ಕಡೆಗೆ ಅಡ್ಡಡ್ಡ ಅಗೆಯುತ್ತಾ ಹೋಗಿ. ಗುಡ್ಡದ ಬದಿಗೆ ದಾರಿ ಕಡಿದ ಹಾಗೆ ಎಂದುಕೊಳ್ಳಿ, ಗುಂಡಿ ತೋಡಿದ ಹಾಗೆ ಅಲ್ಲ. ಮಂಡಿಯೂರಿ ಅಗೆದರೆ ಸೊಂಟ ಉಳಿಯುತ್ತದೆ. ಮೊದಲು ಸಲಿಕೆಯಿಂದ ಇಟ್ಟಿಗೆಯ ಹಾಗೆ ನಾಲ್ಕು ಕಡೆ ಕೊಯ್ಯಿರಿ, ಆಮೇಲೆ ಗಡ್ಡೆಯನ್ನು ಕಿತ್ತು ದೋಣಿಯ ಹುಟ್ಟು ಹಾಕಿದ ಹಾಗೆ ಹಿಂದಕ್ಕೆ ತಳ್ಳಿ. ಎತ್ತಬೇಡಿ.

ಮೂರು, ನಾಲ್ಕು ಜನ ಇದ್ದರೆ ವಿ ಆಕಾರದ ಸಾಲು ಮಾಡಬೇಕು. ಸ್ವಿಟ್ಜರ್ಲೆಂಡಿನ ಮಾನ್ಯುಯೆಲ್ ಗೆನ್ಸ್‌ವೈನ್ ಎಂಬವರು ಅಳತೆ ಮಾಡಿ, ಪರೀಕ್ಷಿಸಿ ರೂಪಿಸಿದ ವಿಧಾನ ಇದು. ಪ್ರೋಬ್ ಹತ್ತಿರ ತುದಿಯಲ್ಲಿ ಒಬ್ಬರು, ಅವರ ಹಿಂದೆ ಎರಡೂ ಬದಿಗೆ ಉಳಿದವರು, ಒಬ್ಬರಿಂದೊಬ್ಬರಿಗೆ ಸಲಿಕೆ ತಾಗದಷ್ಟು ಅಂತರ. ತುದಿಯವರು ಕೊಯ್ದು ಹಿಂದಕ್ಕೆ ತಳ್ಳುತ್ತಾರೆ. ಹಿಂದಿನವರು ಅದನ್ನು ಇನ್ನೂ ಹಿಂದಕ್ಕೆ ತಳ್ಳುತ್ತಾರೆ. ನಮ್ಮೂರಲ್ಲಿ ಮನೆಗೆ ಆರ್‌ಸಿಸಿ ಹಾಕುವ ದಿನ ಕಾಂಕ್ರೀಟ್ ಬಾಣಲಿ ಕೈಯಿಂದ ಕೈಗೆ ದಾಟುವುದನ್ನು ನೋಡಿದ್ದೀರಲ್ವಾ? ಅದೇ ಲೆಕ್ಕ. ಯಾರೂ ಓಡಾಡುವುದಿಲ್ಲ, ಸಾಮಾನು ಓಡಾಡುತ್ತದೆ. ತುದಿಯವರು ಸುಸ್ತಾದ ಕೂಡಲೇ 'ಬದಲಿ' ಎಂದು ಕೂಗಬೇಕು, ಎಲ್ಲರೂ ಒಂದೊಂದು ಜಾಗ ಸುತ್ತು ಸರಿಯಬೇಕು. ನಾಲ್ಕು ನಿಮಿಷಕ್ಕಿಂತ ಹೆಚ್ಚು ಒಬ್ಬರೇ ತುದಿಯಲ್ಲಿ ಬೇಡ. 'ನಂಗಿನ್ನೂ ಆಗುತ್ತೆ' ಅನ್ನುವವರನ್ನೂ ಬದಲಿಸಿ.

ಮೈ ತಾಗಿದ ಮೇಲೆ ಸಲಿಕೆ ನಿಧಾನ. ಮೊದಲು ಸಿಕ್ಕಿದ್ದು ಕಾಲಾದರೆ ತಲೆ ಯಾವ ಕಡೆ ಎಂದು ಅಂದಾಜು ಮಾಡಿ ಆ ಕಡೆಗೇ ಹೋಗಿ. ಇಡೀ ಮನುಷ್ಯನನ್ನು ಹೊರತೆಗೆಯುವುದು ಆಮೇಲೆ. ಮೊದಲು ಬೇಕಾದ್ದು ಮುಖ.

ಮುಖ ಸಿಕ್ಕ ಮೇಲೆ

ಬಾಯಿ, ಮೂಗಿನಲ್ಲಿ ಹಿಮ ಗಟ್ಟಿಯಾಗಿ ತುಂಬಿದೆಯಾ ನೋಡಿ, ಬೆರಳು ಹಾಕಿ ತೆಗೆಯಿರಿ. ಮುಖದ ಮುಂದೆ ಗಾಳಿಯ ಜಾಗ ಇತ್ತಾ ಎಂಬುದನ್ನೂ ಒಬ್ಬರು ಗಮನಿಸಿ ನೆನಪಿಟ್ಟುಕೊಳ್ಳಲಿ, ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೊಂದು. ಎಷ್ಟು ಹೊತ್ತು ಹೂತಿದ್ದರು ಎಂಬುದು ಇನ್ನೊಂದು. ಎದೆಯ ಮೇಲಿನ ಹಿಮವನ್ನೂ ತೆಗೆಯಿರಿ, ಪಕ್ಕೆ ಹಿಗ್ಗದೆ ಉಸಿರು ಬರುವುದಿಲ್ಲ.

ಉಸಿರಿಲ್ಲದಿದ್ದರೆ, ಕಾಲು ಇನ್ನೂ ಹಿಮದಲ್ಲಿದ್ದರೂ, ಅಲ್ಲೇ ಬಾಯಿಂದ ಬಾಯಿಗೆ ಐದು ಸಲ ಉಸಿರು ಕೊಡಿ. ಹೃದಯಾಘಾತಕ್ಕೆ ಕಲಿಸುವ 'ಎದೆ ಒತ್ತಿದರೆ ಸಾಕು' ಎಂಬ ಸಿಪಿಆರ್ ಇಲ್ಲಿ ಸಾಲದು. ಇವರಿಗೆ ಕಡಿಮೆಯಾಗಿರುವುದು ಗಾಳಿ. ಆಮೇಲೂ ಪ್ರತಿಕ್ರಿಯೆ ಇಲ್ಲದಿದ್ದರೆ ಮಟ್ಟಸ ಜಾಗಕ್ಕೆ ತಂದು ಪೂರ್ತಿ ಸಿಪಿಆರ್, ಉಸಿರೂ ಸೇರಿಸಿ. ಬೆನ್ನು, ಕುತ್ತಿಗೆಗೆ ಪೆಟ್ಟಾಗಿರಬಹುದು ಎಂದುಕೊಂಡೇ ಮೈ ಮುಟ್ಟಿ.

ಉಸಿರಿದ್ದರೆ ಅಲ್ಲಾಡಿಸದೆ ಮಲಗಿಸಿ, ಕೆಳಗೆ ಬ್ಯಾಗ್, ಹಗ್ಗ, ಏನಾದರೂ ಹಾಸಿ, ಮೇಲೆ ಇದ್ದಬದ್ದ ಕೋಟೆಲ್ಲ ಹೊದಿಸಿ. ತುಂಬಾ ಹೊತ್ತು ಹೂತಿದ್ದವರ ಮೈ ತಣ್ಣಗಾಗಿರುತ್ತದೆ. ಅಂಥವರ ಕೈಕಾಲು ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ, ತಣ್ಣಗಾದ ಹೃದಯ ಸ್ವಲ್ಪ ಅಲುಗಾಟಕ್ಕೂ ತಾಳ ತಪ್ಪುತ್ತದೆ. ಮೈ ತಣ್ಣಗಿದೆ, ನಾಡಿ ಸಿಗುತ್ತಿಲ್ಲ ಅಂತ 'ಹೋದರು' ಎಂದು ನೀವೇ ತೀರ್ಮಾನಿಸಬೇಡಿ. ಮೈ ಬಿಸಿ ಮಾಡಿ ನೋಡಿದ ಮೇಲೆ ವೈದ್ಯರು ಹೇಳಬೇಕಾದ ಮಾತು ಅದು.

ಎಲ್ಲಿ ಕಲಿಯುವುದು

ಅಮೆರಿಕದಲ್ಲಿರುವವರಿಗೆ ದಾರಿ ಸುಲಭ. ಹಿಮಕುಸಿತದ ಪಾಠ ರೂಪಿಸುವ ಏಯಾರಿ (AIARE) ಸಂಸ್ಥೆಯ ಪಠ್ಯದ ಲೆವೆಲ್ 1 ಕೋರ್ಸ್ ಮೂರು ದಿನ, ರಕ್ಷಣೆಗೇ ಮೀಸಲಾದ ಕೋರ್ಸ್ ಬೇರೆ ಒಂದು ದಿನ. ಜನ ಲೆವೆಲ್ 1 ಮಾಡಿ, ಈ ಒಂದು ದಿನದ್ದನ್ನು ಬಿಡುತ್ತಾರೆ. ನನ್ನನ್ನು ಕೇಳಿದರೆ ಒಂದು ದಿನದ್ದನ್ನು ಮೊದಲು ಮಾಡಿ, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿ. ಕೆನಡಾದಲ್ಲಿ ಹಿಮಕುಸಿತ ಕೌಶಲದ ಎಎಸ್‌ಟಿ 1 ಕೋರ್ಸ್, ಜೊತೆಗೆ ಸಂಗಾತಿ ರಕ್ಷಣೆಯ ಒಂದು ದಿನದ ಕೋರ್ಸ್ ಇದೆ. ವಾಷಿಂಗ್ಟನ್ ರಾಜ್ಯದ ಬೆಟ್ಟಗಳಿಗೆ ವಾಯವ್ಯ ಹಿಮಕುಸಿತ ಕೇಂದ್ರ, ಅಂದರೆ ಎನ್‌ಡಬ್ಲ್ಯೂಎಸಿ, ಚಳಿಗಾಲದಲ್ಲಿ ದಿನವೂ ಮುನ್ಸೂಚನೆ ಕೊಡುತ್ತದೆ. ಹಾಲು ಬಂತಾ ನೋಡುವ ಹಾಗೆ ಅದನ್ನು ಬೆಳಿಗ್ಗೆ ನೋಡಿ. 1910ರಲ್ಲಿ ಇಲ್ಲಿನ ಸ್ಟೀವನ್ಸ್ ಪಾಸ್ ಹತ್ತಿರ ವೆಲಿಂಗ್ಟನ್ ಎಂಬಲ್ಲಿ ಹಿಮಕುಸಿತಕ್ಕೆ ಎರಡು ರೈಲುಗಳೇ ಕಣಿವೆಗೆ ಉರುಳಿ 96 ಜನ ಸತ್ತರು. ಈಗ ಆ ಹಳೇ ರೈಲು ಹಾದಿಯಲ್ಲಿ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಡೆಯುತ್ತೇವೆ.

ಭಾರತದಲ್ಲಿ ಸ್ಕೀ ಎಂದರೆ ಗುಲ್ಮಾರ್ಗ್. ಗೊಂಡೋಲಾದ, ಅಂದರೆ ಅಲ್ಲಿನ ರೋಪ್‌ವೇಯ, ಎರಡನೇ ಹಂತದಲ್ಲಿ ಅಫರ್ವಾತ್ ಬೆಟ್ಟದ ಮೇಲೆ ಇಳಿದರೆ ಕೆಲವೇ ನಿಮಿಷದಲ್ಲಿ ಯಾರ ಕಾವಲೂ ಇಲ್ಲದ ಇಳಿಜಾರಿಗೆ ಬಂದಿರುತ್ತೀರಿ. 2023ರ ಫೆಬ್ರವರಿ 1ರಂದು ಅಲ್ಲೇ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ಸತ್ತರು. ಬೀಕನ್ ಬಾಡಿಗೆಗೆ ಸಿಕ್ಕರೆ ಸಾಲದು. ಗೈಡ್ ಹತ್ತಿರ 'ಬೆಳಿಗ್ಗೆ ಅರ್ಧ ಗಂಟೆ ಹುಡುಕಾಟ ಅಭ್ಯಾಸ ಮಾಡೋಣ' ಅನ್ನಿ. ಒಪ್ಪದವರ ಜೊತೆ ಹೋಗಬೇಡಿ.

ತರಬೇತಿಗೆ ಉತ್ತರಕಾಶಿಯ ನಿಮ್ (ನೆಹರೂ ಪರ್ವತಾರೋಹಣ ಸಂಸ್ಥೆ), ಮನಾಲಿಯ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಐಐಎಸ್‌ಎಂ ಇವೆ. ನಿಮ್‌ನಲ್ಲಿ ಹುಡುಕಾಟ ಮತ್ತು ರಕ್ಷಣೆಗೇ ಒಂದು ಕೋರ್ಸ್ ಇದೆ. ಬೆಟ್ಟ ಎಷ್ಟು ತಿಳಿದವರನ್ನೂ ಬಿಡುವುದಿಲ್ಲ ಎಂಬುದಕ್ಕೆ ಅದೇ ನಿಮ್‌ನ ತಂಡ ಸಾಕ್ಷಿ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಂಡಾ ಶಿಖರದ ಹತ್ತಿರ ಅದರ ತರಬೇತಿ ತಂಡ ಹಿಮಕುಸಿತಕ್ಕೆ ಸಿಕ್ಕಿತು. ಹಿಮಾಲಯಕ್ಕೆ ಹಿಮಕುಸಿತದ ಎಚ್ಚರಿಕೆ ಕೊಡುವುದು ಚಂಡೀಗಢದ ಡಿಜಿಆರ್‌ಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ, ಮೊದಲು ಸಾಸೆ ಎಂದು ಕರೆಯುತ್ತಿದ್ದ ಸಂಸ್ಥೆ ಅದರಲ್ಲೇ ಸೇರಿದೆ. ಬೆಂಗಳೂರಿನಿಂದ ಡಿಸೆಂಬರ್, ಜನವರಿಯಲ್ಲಿ ಕೇದಾರಕಂಠ, ಬ್ರಹ್ಮತಾಲ್ ಕಡೆ ಹೋಗುವವರು ಟ್ರೆಕ್ಕಿಂಗ್ ಕಂಪನಿಯವರನ್ನು ಕೇಳಿ: ನಮ್ಮ ದಾರಿ 30 ಡಿಗ್ರಿಗಿಂತ ಕಡಿದಾದ ಇಳಿಜಾರಿನ ಕೆಳಗೆ ಹಾಯುತ್ತದಾ? ಸಲಿಕೆ ಎಷ್ಟಿದೆ?

ವಿದೇಶದಿಂದ ಹೋಗುವವರಿಗೆ ಒಂದು ಮಾತು. ಇಲ್ಲಿ ನಾವು ಕಣ್ಣುಮುಚ್ಚಿ ಚೀಲಕ್ಕೆ ಹಾಕುವ ಸ್ಯಾಟಲೈಟ್ ಮೆಸೆಂಜರ್, ಸ್ಯಾಟಲೈಟ್ ಫೋನ್ ಭಾರತದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ, ಬಂಧನವೂ ಆಗಿದೆ. ಮನೆಯಲ್ಲಿಟ್ಟು ಹೋಗಿ.

ಹಿಮ ಇಲ್ಲದೆ ಅಭ್ಯಾಸ

ಬೀಕನ್‌ಗೆ ಹಿಮ ಬೇಕೆಂದಿಲ್ಲ. ಒಂದನ್ನು ಸೆಂಡ್‌ಗೆ ಹಾಕಿ ಡಬ್ಬಿಯಲ್ಲಿಟ್ಟು ಆಟದ ಮೈದಾನದಲ್ಲಿ ಎಲೆ ರಾಶಿಯಡಿ ಅಡಗಿಸಿದರೆ ಆಯಿತು. ಊರಿಗೆ ಹೋದಾಗ ತೋಟದಲ್ಲೂ ಆಡಿಸಿದ್ದೇನೆ, ಸೊಪ್ಪಿನ ಗುಡ್ಡೆಯಲ್ಲಿ ಅಡಗಿಸಿದ್ದನ್ನು ಅಣ್ಣನ ಮಗಳು ನನಗಿಂತ ಬೇಗ ಹುಡುಕಿದಳು. ಮೊದಲು ಒಂದು, ಆಮೇಲೆ ಎರಡು. ಎರಡು ಇದ್ದಾಗ ಸಿಕ್ಕಿದ್ದನ್ನು 'ಮಾರ್ಕ್' ಗುಂಡಿಯಿಂದ ಬದಿಗಿಟ್ಟು ಮುಂದಿನದಕ್ಕೆ ಹೋಗುವುದನ್ನು ಕಲಿಯಬಹುದು. ಪ್ರೋಬ್ ಬಿಡಿಸುವುದನ್ನು ಕೈಗವಸು ಹಾಕಿಕೊಂಡು, ಟಿವಿ ನೋಡುತ್ತಾ ಹಾಲ್‌ನಲ್ಲೇ ಮಾಡಿ. ಫ್ಯಾನ್ ಮಾತ್ರ ಆರಿಸಿಕೊಳ್ಳಿ.

ಅಗೆಯುವುದಕ್ಕೆ ಮಾತ್ರ ನಿಜವಾದ ಹಿಮವೇ ಬೇಕು. ನಮ್ಮ ಗುಂಪಿಗೆ ಸಿಗುವುದು ಪಾರ್ಕಿಂಗ್ ಜಾಗದ ಅಂಚಿನಲ್ಲಿ ರಸ್ತೆಯ ಹಿಮ ಬಳಿಯುವ ಗಾಡಿ ತಳ್ಳಿ ಗುಡ್ಡೆ ಹಾಕಿದ ಹಿಮ. ಅದು ತುಳಿತಕ್ಕೆ ಗಟ್ಟಿಯಾಗಿ ಕುಸಿತದ ಹಿಮದ ಹಾಗೇ ಇರುತ್ತದೆ. ಹಿಂದಿನ ಸಂಜೆಯೇ ತುಂಬಿದ ಚೀಲವೊಂದನ್ನು ಒಂದು ಮೀಟರ್ ಆಳಕ್ಕೆ ಹೂತು, ಬೆಳಿಗ್ಗೆ ನಾಲ್ಕು ಜನ ಗಡಿಯಾರ ಹಿಡಿದು ನಿಲ್ಲುತ್ತೇವೆ. ಗಾಡಿ ಮತ್ತೆ ಬಂದು ಮೇಲೆ ಹಿಮ ತಳ್ಳದ ಜಾಗ ನೋಡಿಕೊಳ್ಳಿ. ಕಳೆದ ಜನವರಿಯಲ್ಲಿ ಹುಡುಕಲು ಮೂರು ನಿಮಿಷ, ಚುಚ್ಚಲು ಒಂದು, ಅಗೆಯಲು ಏಳು. ಒಟ್ಟು ಹನ್ನೊಂದು. ಇನ್ನೂ ಒಂದು ನಿಮಿಷ ಕಡಿಮೆ ಮಾಡಬೇಕು. ಅದು ಎಲ್ಲಿ ಸಿಗುತ್ತದೆ ಎಂದು ಜಗಳ ನಡೆದಿದೆ. 'ಬದಲಿ' ಕೂಗುವುದು ತಡವಾಯಿತು ಎಂದು ನನ್ನ ವಾದ, ತುದಿಯಲ್ಲಿ ನಾನೇ ಜಾಸ್ತಿ ಹೊತ್ತು ಅಂಟಿಕೊಂಡಿದ್ದೆ ಎಂದು ಉಳಿದ ಮೂವರ ವಾದ.

ಕೊನೆಯ ಕೆಲಸ ಏಪ್ರಿಲ್‌ನದು. ಸ್ಕೀ ಸೀಸನ್ ಮುಗಿದ ಮೇಲೆ ಬೀಕನ್‌ನ ಬ್ಯಾಟರಿ ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ. ನಾನು ತೆಗೆದ ಬ್ಯಾಟರಿಗಳನ್ನು ಟಿವಿ ರಿಮೋಟ್‌ಗೆ ಹಾಕುತ್ತೇನೆ, ನವೆಂಬರ್‌ನಲ್ಲಿ ಬೀಕನ್‌ಗೆ ಹೊಸತು.